ಕರಬಸಪ್ಪನವರ ಕಾಲೇಜಿನ ಎಲುಬಿನ ಹಂದರ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕರಬಸಪ್ಪನವರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ವಿದ್ಯಾದಾನದ ಹುಚ್ಚು ಹತ್ತಿತು. ಹುಚ್ಚು ಎಂದರೆ ತಪ್ಪಾದೀತು, ಹಟ ಎನ್ನಬೇಕು. ರಾಣೆಬೆನ್ನೂರಿನಲ್ಲಿ ಅವರ ಬೀಗರು ಒಂದು ನರ್ಸಿಂಗ್ ಕಾಲೇಜು ತೆಗೆದಿದ್ದರು. ಹಾವೇರಿಯಲ್ಲಿ ಅವರಿಗೆ ಆಗದವರೊಬ್ಬರು ಎರಡು ತೆಗೆದಿದ್ದರು. ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತಿದು. ಆಗ ನಮ್ಮ ಕಡೆ ಖಾಲಿ ಗೋದಾಮು ಇದ್ದವರೆಲ್ಲ ನರ್ಸಿಂಗ್ ಕಾಲೇಜು ತೆಗೆಯುತ್ತಿದ್ದರು. ಕರಬಸಪ್ಪನವರಿಗೂ ಮಾರ್ಕೆಟ್ ಯಾರ್ಡಿನ ಹಿಂದೆ ಒಂದು ಗೋದಾಮಿತ್ತು. ಸುಣ್ಣ ಹೊಡೆಸಿದರು, ನಡುವೆ ಗೋಡೆ ಎಬ್ಬಿಸಿ ಕೋಣೆ ಮಾಡಿಸಿದರು, ಆಳೆತ್ತರದ ಬೋರ್ಡು ಬರೆಸಿದರು. ಮೆಣಸಿನಕಾಯಿಯ ಘಾಟು ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಪಾಠ ಹೇಳುವವರೂ ಸೀನುತ್ತಿದ್ದರು, ಕೇಳುವವರೂ ಸೀನುತ್ತಿದ್ದರು.

ದುರಗಪ್ಪ ಅದೇ ಕರಬಸಪ್ಪನವರ ಅಂಗಡಿಯ ಹಮಾಲ. ಮೂವತ್ತು ವರ್ಷ ಅವರ ಚೀಲಗಳನ್ನು ಲಾರಿಯಿಂದ ಇಳಿಸಿದವನು, ಲಾರಿಗೆ ಏರಿಸಿದವನು. ಈಗ ಎಡಗೈ ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಚೀಲ ಹೊತ್ತ ದಿನ ಮಗ್ಗಲು ಬದಲಿಸಲಾಗದೆ ಹಲ್ಲು ಕಚ್ಚಿ ಮಲಗುತ್ತಿದ್ದ. ಕಾಲೇಜಿನಲ್ಲಿ ಗಂಟೆ ಹೊಡೆಯಲು, ಕಸ ಗುಡಿಸಲು ಒಬ್ಬ ಆಳು ಬೇಕಾದಾಗ ಸಾಹುಕಾರರು ಅವನನ್ನೇ ಕಳಿಸಿದರು. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬರೆಸಲಿಲ್ಲ. ಹೆಸರು ಇಲ್ಲದವನು ಅಂಗಡಿಯ ಹಮಾಲನೇ. ಲಾರಿ ಬಂತೆಂದರೆ, "ಲೇ ದುರಗ್ಯಾ, ಗಂಟಿ ಆಮ್ಯಾಲ ಹೊಡದೀಯಂತ, ಮೊದಲ ಚೀಲ ಇಳಸು ಬಾ," ಎಂಬ ಕೂಗು ಬಂದೇ ಬರುತ್ತಿತ್ತು. ಹಾಜರಿಯಲ್ಲಿ ಹೆಸರು ಬಂದರೆ ಅವನು ಕಾಲೇಜಿನ ಸಿಪಾಯಿ. ಆಮೇಲೆ ಯಾವ ಲಾರಿ ಬಂದರೂ ಅವನ ಹೆಗಲಿಗೆ ಸಂಬಂಧವಿಲ್ಲ. ದುರಗಪ್ಪನಿಗೆ ದೇವರ ಹತ್ತಿರ ಬೇಡಿಕೊಳ್ಳಲು ಅದೊಂದೇ ಉಳಿದಿತ್ತು.

"ಬೆಂಗಳೂರಿಂದ ತಪಾಸಣಿಗೆ ಬರ್ತಾರ. ಪಾಸ್ ಆತು ಅಂದ್ರ ಮರುದಿನ ನಿನ್ನ ಹೆಸರು ಬರಸ್ತೇನಿ," ಎಂದು ಕರಬಸಪ್ಪನವರು ಗಾದಿಯ ಮೇಲೆ ಕುಳಿತು ಮಾತು ಕೊಟ್ಟಿದ್ದರು.

ಅವನ ಮಗಳು ದೀಪಿಕಾ ಅದೇ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಸಾಹುಕಾರರ ದೊಡ್ಡ ಮನಸ್ಸಿನಿಂದ ಸಿಕ್ಕ ಸೀಟು ಅಂತ ಊರೆಲ್ಲ ಹೇಳುತ್ತಿತ್ತು. ಖರೇ ಸಂಗತಿ ಏನೆಂದರೆ ಮೂವತ್ತು ಹುಡುಗಿಯರು ಇರಲೇಬೇಕಿತ್ತು, ಇಪ್ಪತ್ತೊಂಬತ್ತೇ ಆಗಿದ್ದರು.

ಅನಾಟಮಿ ಕಲಿಸಲು ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಿರ್ಮಲಾ ಮೇಡಂ ಮೊದಲ ದಿನವೇ ಎಲುಬಿನ ಹಂದರ ಬೇಕೆಂದು ಕೇಳಿದರು. "ಚಿತ್ರ ಐತಲ್ರಿ," ಎಂದರು ಕರಬಸಪ್ಪ. "ಮೆಣಸಿನಕಾಯಿ ಚಿತ್ರ ನೋಡಿ ನೀವು ಮಾಲು ಹಿಡೀತೀರೇನ್ರಿ?" ಎಂದರು ಮೇಡಂ. ಆ ಮಾತು ಸರಿಯಾದ ಕಡೆ ನಾಟಿತು. ಹುಬ್ಬಳ್ಳಿಯ ಅಂಗಡಿಯೊಂದರಿಂದ ಹಳೆಯದೊಂದು ಹಂದರ, ಖರೇ ಎಲುಬಿನದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ರೈಲು ಹತ್ತಿ ಬಂತು. ಸ್ಟೇಷನ್ನಿನಿಂದ ಹೊತ್ತು ತಂದವನು ದುರಗಪ್ಪನೇ. ಬಲ ಹೆಗಲಿಗೆ ಏರಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟವನು ಬೆರಗಾಗಿ ನಿಂತುಬಿಟ್ಟ. ಒಂದು ಇಡೀ ಮನುಷ್ಯ ಅರ್ಧ ಚೀಲದಷ್ಟೂ ಭಾರವಿರಲಿಲ್ಲ.

ಪೆಟ್ಟಿಗೆ ಬಾಗಿಲಲ್ಲಿಟ್ಟ ಕೂಡಲೇ ಕಾಲೇಜು ಕಮಿಟಿಯ ಹಿರಿಯರೊಬ್ಬರು ಮುಖ್ಯವಾದ ಪ್ರಶ್ನೆ ಎತ್ತಿದರು: "ಇಂವಾ ಯಾರ ಪೈಕಿ?" ಹುಬ್ಬಳ್ಳಿಯವರು ರಸೀದಿಯಲ್ಲಿ ಅದನ್ನು ಬರೆದಿರಲಿಲ್ಲ. ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ಕರಬಸಪ್ಪನವರು ತಮ್ಮ ಕೈಯಾರೆ ಬುರುಡೆಯ ಹಣೆಗೆ ಮೂರು ಬೆರಳು ವಿಭೂತಿ ಎಳೆದು, "ಈಗ ನಮ್ಮಾಂವ ಆದ, ಒಳಗ ತರ್ರಿ," ಎಂದರು. ಎಲ್ಲರಿಗೂ ಸಮಾಧಾನವಾಯಿತು. ದುರಗಪ್ಪ ಮೂವತ್ತು ವರ್ಷದಲ್ಲಿ ಸಾಹುಕಾರರ ಮನೆಯ ಕಟ್ಟೆ ದಾಟಿ ಒಳಗೆ ಹೋದವನಲ್ಲ. ಹೆಸರು ದಿಕ್ಕಿಲ್ಲದ ಈ ಎಲುಬು ಒಂದು ಚಿಟಿಕೆ ಬೂದಿಯಲ್ಲಿ ಒಳಗಾಯಿತು. ಪೆಟ್ಟಿಗೆಯನ್ನು ಒಳಗೆ ಒಯ್ದು ಇಟ್ಟವನೂ ಅವನೇ.

ಹುಡುಗಿಯರು ಹಂದರಕ್ಕೆ ಗುಡದಪ್ಪ ಮಾಮಾ ಎಂದು ಹೆಸರಿಟ್ಟರು. ಪಾಠದ ಹೊತ್ತಿಗೆ ಗುಡದಪ್ಪ ಅಲ್ಲಾಡದಂತೆ ಹಿಡಿದು ನಿಲ್ಲುವುದು ದುರಗಪ್ಪನ ಕೆಲಸ. ಹಿಡಿದು ಹಿಡಿದು ಅವನಿಗೂ ವಿದ್ಯೆ ಹತ್ತಿತು. ಒಟ್ಟು ಎಲುಬು ಇನ್ನೂರಾರು. ಬುರುಡೆ ಒಂದೇ ಗಡಿಗೆಯಲ್ಲ. ಬೇರೆ ಬೇರೆ ಹಾಳೆಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡಂತೆ ಕೂಡಿವೆ, ಆ ಸಂದುಗಳಿಗೆ ಸೂಚರ್ ಅನ್ನಬೇಕು. ಬುರುಡೆಯ ತಳದಲ್ಲಿ ದೊಡ್ಡ ತೂತು, ಮಿದುಳಿನಿಂದ ಬೆನ್ನುಹುರಿ ಇಳಿಯುವ ದಾರಿ, ಅದರ ಹೆಸರು ಫೊರಾಮೆನ್ ಮ್ಯಾಗ್ನಮ್. ತಾನು ಮೂವತ್ತು ವರ್ಷ ಚೀಲ ಇಟ್ಟುಕೊಂಡ ಹೆಗಲ ಮುಂದಿನ ಎಲುಬಿಗೆ ಕ್ಲಾವಿಕಲ್ ಅನ್ನುತ್ತಾರೆಂದು ತಿಳಿದ ದಿನ ಅವನು ಮನೆಗೆ ಹೋಗಿ ಹೆಂಡತಿ ಉಚ್ಚಂಗೆವ್ವನಿಗೆ ಹೇಳಿದ. "ಹೆಸರು ಚಲೋ ಐತಿ. ನೋವು ಕಡಿಮಿ ಆತೇನು?" ಎಂದಳು ಆಕೆ.

ಸೋಮವಾರ ತಪಾಸಣೆ. ರವಿವಾರ ಮೇಡಂ ರಜೆಯಲ್ಲಿದ್ದಾಗ ಕರಬಸಪ್ಪನವರು ಕೊನೆಯ ಸಲ ಎಲ್ಲ ನೋಡಿ ಹೋಗಲು ಬಂದರು. ಗುಡದಪ್ಪನ ಮುಂದೆ ನಿಂತರು. ಮಾಲು ನೋಡುವ ಕಣ್ಣು ಸುಮ್ಮನಿರುತ್ತದೆಯೇ? ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೀಜ ಅಲ್ಲಾಡಿಸಿ ಕೇಳುವಂತೆ ಬುರುಡೆಯನ್ನು ಎತ್ತಿ ಅಲ್ಲಾಡಿಸಿದರು. ಉಗುರಿನಿಂದ ಬಡಿದರು. ಬೆಳಕಿಗೆ ಹಿಡಿದು ತಿರುಗಿಸಿದರು. ಅವರ ಮುಖ ಕಪ್ಪಿಟ್ಟಿತು.

"ಲೇ, ಇದು ಸೆಕೆಂಡ್ ಮಾಲಲೇ! ಬುಡಕ ಇಷ್ಟ ದೊಡ್ಡ ತೂತು. ನೆತ್ತಿ ತುಂಬ ಬಿರುಕು. ಬಣ್ಣ ನೋಡಿದ್ರ ಹಳದಿ ಹೊಡದೈತಿ. ಹುಬ್ಬಳ್ಳಿಯಾಂವ ನನಗ ಟೋಪಿ ಹಾಕ್ಯಾನ!"

ದುರಗಪ್ಪ ಕಸಬರಿಗೆ ಬಿಟ್ಟು ಹತ್ತಿರ ಬಂದ. "ಸಾವ್ಕಾರ್ರ, ಆ ತೂತು ಇರಬೇಕಂತ್ರಿ. ಮೇಡಂ ಹೇಳ್ಯಾರ."

"ತೂತು ಯಾರಿಗೆ ಬೇಕಾಗಿರ್ತೈತಲೇ? ಮೂವತ್ತು ವರ್ಷ ನನ್ನ ಮಾಲು ಹೊತ್ತಿ, ತೂತು ಬಿದ್ದ ಕಾಯಿ ಯಾರರ ಕೊಂಡದ್ದು ನೋಡೀಯೇನು? ನಾಳೆ ನಿನ್ನ ಹೆಸರು ಬರಿಬೇಕೋ ಬ್ಯಾಡೋ?"

ದುರಗಪ್ಪ ಬಾಯಿ ಮುಚ್ಚಿದ. ಅವನು ಆ ದಿನ ಮಾಡಿದ ತಪ್ಪು ಅದೊಂದೇ, ಆದರೆ ತಪ್ಪೇ.

ಪೇಂಟರ್ ಮಕ್ತುಮಸಾಬ ಬಂದ. ಲಾರಿಗಳಿಗೆ ಹೂವು ಬಳ್ಳಿ ಬರೆಯುವವನು, ಕೆಲಸದಲ್ಲಿ ಕಳ್ಳತನ ಇಲ್ಲದ ಮನುಷ್ಯ. ಬುರುಡೆಯ ಬುಡದ ತೂತಿಗೆ ಪುಟ್ಟಿ ಮೆತ್ತಿದ. ಸಂದುಗಳಿಗೆಲ್ಲ ಪುಟ್ಟಿ ಎಳೆದ. ಬೆನ್ನಿನ ಮಣಿಗಳ ನಡುವಿನ ಕಿಂಡಿ, ಟೊಂಕದೆಲುಬಿನ ಕಿಂಡಿ, ಕಣ್ಣಿಗೆ ಬಿದ್ದ ಯಾವುದನ್ನೂ ಬಿಡಲಿಲ್ಲ. ಉಸುಕಿನ ಕಾಗದ ಹಾಕಿ ತಿಕ್ಕಿ, ಎರಡು ಕೋಟು ಬಿಳಿ ಆಯಿಲ್ ಪೇಂಟು ಹೊಡೆದ. ಮೊಣಕೈ ಮೊಣಕಾಲುಗಳು ಪೇಂಟಿಗೆ ಅಂಟಿಕೊಂಡು ಗುಡದಪ್ಪ ಸೆಟೆದು ನಿಂತ. ಗುಡಿಯ ಫ್ಯಾನಿಗೂ ಟ್ಯೂಬ್‌ಲೈಟಿಗೂ ದಾನಿಗಳ ಹೆಸರು ಬರೆಯುವುದು ರೂಢಿಯಲ್ಲವೇ? ಕರಬಸಪ್ಪನವರ ಅಪ್ಪಣೆಯಂತೆ ಎದೆಯ ಎಲುಬಿನ ಮೇಲೆ ಕೆಂಪು ಅಕ್ಷರ ಬಿದ್ದವು: ದಾನಿಗಳು ಶ್ರೀ ಕರಬಸಪ್ಪನವರು, ತಂದೆಯವರ ಸ್ಮರಣಾರ್ಥ.

ಸೋಮವಾರ ಬೆಳಗ್ಗೆ ನಿರ್ಮಲಾ ಮೇಡಂ ಕೋಣೆಗೆ ಕಾಲಿಟ್ಟವರು ಗೋಡೆ ಹಿಡಿದುಕೊಂಡರು. "ಅಯ್ಯೋ ನನ್ನ ಶಿವನೇ! ಯಾರು ಮಾಡಿದ್ರಿ ಇದನ್ನ?" ಅವರ ಕಣ್ಣಲ್ಲಿ ನೀರೇ ಬಂತು. ಕೆರೆದು ತೆಗೆಯಲು ಹೊತ್ತೂ ಇರಲಿಲ್ಲ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು.

ತಪಾಸಣೆಗೆ ಬಂದವರು ಡಾಕ್ಟರ್ ವಿರೂಪಾಕ್ಷಪ್ಪ, ಬೆಂಗಳೂರಿನವರು, ನಲವತ್ತು ವರ್ಷ ಅನಾಟಮಿ ಕಲಿಸಿ ನಿವೃತ್ತರಾದವರು. ಬಾಗಿಲಲ್ಲೇ ಏಳು ಸಲ ಸೀನಿದರು. ಗುಡದಪ್ಪನ ಮುಂದೆ ನಿಂತು ಕನ್ನಡಕ ಒರೆಸಿಕೊಂಡು ಎದೆಯ ಮೇಲಿನ ಅಕ್ಷರ ಓದಿದರು.

"ಇದು... ನಿಮ್ಮ ತಂದೆಯವರಾ?"

"ಛೇ ಛೇ! ಅವರ ಹೆಸರಿನ್ಯಾಗ ಕೊಟ್ಟದ್ರಿ," ಎಂದರು ಕರಬಸಪ್ಪ, ಹಲ್ಲು ಬಿಟ್ಟು.

ಡಾಕ್ಟರು ಮುಂದಿನ ಸಾಲಿನಲ್ಲಿದ್ದ ದೀಪಿಕಾಳನ್ನು ಕರೆದರು. "ಬಾಮ್ಮ. ಸ್ಪೈನಲ್ ಕಾರ್ಡ್ ಬುರುಡೆಯಿಂದ ಎಲ್ಲಿ ಇಳಿಯುತ್ತೆ, ತೋರಿಸು ನೋಡೋಣ."

ದೀಪಿಕಾ ಬುರುಡೆಯನ್ನು ತಿರುಗಿಸಿದಳು. ಸಾರಿಸಿದ ನೆಲದಂತೆ ನುಣ್ಣಗಿತ್ತು. ಆಕೆ ಒಂದು ಕ್ಷಣ ನೋಡಿ, "ಸರ್, ಇವರದು ಇಳಿಯೂದಿಲ್ರಿ," ಎಂದಳು.

ಯಾರೂ ನಗಲಿಲ್ಲ. ಡಾಕ್ಟರು ಸೂಚರ್ ಕೇಳಿದರು, ಇರಲಿಲ್ಲ. ಮೊಣಕೈ ಮಡಿಸಲು ನೋಡಿದರು, ಮಡಿಯಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಫಾರ್ಮಿನಲ್ಲಿ ಅಸ್ಥಿಪಂಜರ ಎಂಬ ಸಾಲು ಹುಡುಕಿದರು. ಎದುರಿಗೆ ಎರಡೇ ಚೌಕಗಳು: ಇದೆ, ಇಲ್ಲ. "ಇಲ್ಲ ಅಂತಲೇ ಬರೀಬೇಕಾಗುತ್ತೆ. ಇದಿಲ್ಲದೆ ಮಾನ್ಯತೆ ಕೊಡೋ ಹಾಗಿಲ್ಲ. ಈ ಹುಡುಗೀರು ಈ ವರ್ಷ ಪರೀಕ್ಷೆಗೆ ಕೂರೋ ಹಾಗೂ ಇಲ್ಲ."

ಬಾಗಿಲಲ್ಲಿ ನಿಂತಿದ್ದ ದುರಗಪ್ಪ ಮಗಳ ಮುಖ ನೋಡಿದ. ನಿನ್ನೆ ಎರಡು ಮಾತು ಜೋರಾಗಿ ಆಡಿದ್ದರೆ ಈ ಗತಿ ಬರುತ್ತಿರಲಿಲ್ಲ ಅನ್ನಿಸಿ ಅವನಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ಸರಸರನೆ ಅಂಗಿಯ ಗುಂಡಿ ಬಿಚ್ಚಿದ. ಬನಿಯನ್ನೂ ತೆಗೆದ.

"ಸಾಹೇಬ್ರ, ಎಲುಬು ನೋಡೂದಿದ್ರ ನನ್ನವ ಅದಾವ ನೋಡ್ರಿ. ಇವಕ್ಕ ಯಾರೂ ಪೇಂಟ್ ಹೊಡದಿಲ್ಲ."

ಡಾಕ್ಟರು ನೋಡಿದರು. ನಿರ್ಮಲಾ ಮೇಡಮ್ಮೂ ನೋಡಿದರು. ದುರಗಪ್ಪನ ಮೈಯಲ್ಲಿ ಎಲುಬಿಗೂ ತೊಗಲಿಗೂ ನಡುವೆ ಬೇರೆ ಏನೂ ಇರಲಿಲ್ಲ. ಪಕ್ಕೆಲುಬುಗಳನ್ನು ಬಾಗಿಲಿನಿಂದಲೇ ಎಣಿಸಬಹುದಿತ್ತು.

"ನಡಿಯಮ್ಮ, ಇವರ ಮೇಲೆ ತೋರಿಸು," ಎಂದರು ಡಾಕ್ಟರು. ಈ ಹುಡುಗಿ ಇವನ ಮಗಳೆಂದು ಅವರಿಗೇನು ಗೊತ್ತು?

ದೀಪಿಕಾ ಅಪ್ಪನ ಹತ್ತಿರ ಬಂದು ನಿಂತಳು. "ತೋರಸವಾ," ಎಂದ ಅಪ್ಪ ಮೆಲ್ಲಗೆ. ಆಕೆ ಕುತ್ತಿಗೆಯ ಬುಡದಲ್ಲಿ ಎದ್ದಿದ್ದ ಮಣಿಯನ್ನು ಮುಟ್ಟಿ ಬೆನ್ನೆಲುಬು ಇಳಿದಳು. ಹನ್ನೆರಡು ಜೊತೆ ಪಕ್ಕೆಲುಬು ಎಣಿಸಿದಳು. ಸ್ಕ್ಯಾಪುಲಾ ಎಂದಳು, ಹೆಗಲ ಹಿಂದಿನ ರೆಕ್ಕೆಯಂಥ ಎಲುಬಿನ ಅಂಚನ್ನು ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಮೊಣಕೈ, ಮಣಿಕಟ್ಟು, ಮೊಣಕಾಲ ಚಿಪ್ಪು, ಹಿಮ್ಮಡಿ, ಒಂದೊಂದಕ್ಕೂ ಇಂಗ್ಲಿಷ್ ಹೆಸರು ತಪ್ಪಿಲ್ಲದೆ ಬಂತು. ಡಾಕ್ಟರು ಖುಷಿಯಾಗಿ ಸೀನಿದರು.

"ಚರ್ಮ ಎಲ್ಲಿ ದಪ್ಪ ಇರುತ್ತೆ?"

"ಅಂಗೈ ಮತ್ತ ಅಂಗಾಲಿನ್ಯಾಗ್ರಿ." ಆಕೆಯ ಕೈ ಅಪ್ಪನ ಹೆಗಲ ಹಿಂದೆ ಚೀಲ ಕೂರುವ ಜಾಗದಲ್ಲಿ ನಿಂತಿತು. ಅಲ್ಲಿ ಹಳೆಯ ಮೆಟ್ಟಿನ ಅಟ್ಟೆಯಂತೆ ಜಡ್ಡುಗಟ್ಟಿತ್ತು. "ಪುಸ್ತಕದಾಗ ಅಷ್ಟ ಬರದಾರ್ರಿ. ಇಲ್ಲೂ ಇರ್ತೈತಿ."

ಕೊನೆಗೆ ಎಡ ಕ್ಲಾವಿಕಲ್. ಬೆರಳು ಎಲುಬಿನುದ್ದಕ್ಕೂ ಸಾಗಿ ನಡುವೆ ಒಂದು ಗಂಟಿನ ಹತ್ತಿರ ನಿಂತುಬಿಟ್ಟಿತು. ಗಂಟು ಪುಸ್ತಕದಲ್ಲಿ ಇರಲಿಲ್ಲ. ಇದು ಎಂದೋ ಮುರಿದು, ಕಟ್ಟು ಹಾಕದೆ, ತನ್ನಷ್ಟಕ್ಕೆ ತಾನೇ ಸೊಟ್ಟಗೆ ಕೂಡಿದ ಎಲುಬು ಎಂದು ಆಕೆಗೆ ಆ ಕ್ಷಣ ತಿಳಿಯಿತು.

"ಯಾವಾಗ ಮುರೀತಪಾ?" ಎಂದು ಕೇಳಿದಳು, ತಪಾಸಣೆ ಮರೆತು.

"ನೀ ಹುಟ್ಟಿದ ವರ್ಷ. ಸೀಜನ್ ಇತ್ತು, ಸುಮ್ನ ಇದ್ದೆ," ಎಂದ ದುರಗಪ್ಪ. "ಮುಂದ ಹೇಳವಾ, ಸಾಹೇಬ್ರು ಕಾಯಾಕತ್ತಾರ."

ಡಾಕ್ಟರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಬೇಕಾದ್ದೆಲ್ಲ ಕೇಳಿ ಆಗಿದೆ ಎಂದರು. ಮಾನ್ಯತೆ ಕೊಡಲು ಅವರಿಗೂ ಮನಸ್ಸಿತ್ತು. ಆದರೆ ಫಾರ್ಮು ಎಂಬುದು ಫಾರ್ಮು. "ಇದೆ ಅಂತ ಬರೀಬೇಕಾದ್ರೆ ಅದು ನಿಮ್ಮ ಸ್ಟಾಕ್ ಬುಕ್ಕಿನಲ್ಲಿ ಇರಬೇಕಲ್ಲ," ಎಂದು ಅವರು ಅನುಮಾನಿಸಿದರು. ಕರಬಸಪ್ಪನವರಿಗೆ ಹೋದ ಜೀವ ವಾಪಸು ಬಂತು. "ಅದಕ್ಕೇನ್ರಿ! ಈಗಿಂದೀಗ ಬರಸೂಣು," ಎಂದು ತಮ್ಮ ಅಣ್ಣನ ಮಗ, ಕಾಲೇಜಿನ ಕ್ಲಾರ್ಕು ರುದ್ರಮುನಿಯನ್ನು ಕೂಗಿದರು. ಹೊರಗೆ ಅಂಗಿ ಹಾಕಿಕೊಳ್ಳುತ್ತಿದ್ದ ದುರಗಪ್ಪನ ಬೆನ್ನು ತಟ್ಟಿ, "ಬರಸೇನಲೇ, ಬರಸೇನಿ! ಪಾಸ್ ಆದ್ವಿ!" ಎಂದು ಕುಣಿದಾಡಿದರು. ಆ ರಾತ್ರಿ ಉಚ್ಚಂಗೆವ್ವ ಗೋಧಿ ಹುಗ್ಗಿ ಮಾಡಿದಳು.

ತಿಂಗಳ ಕೊನೆಗೆ ದುರಗಪ್ಪ ಪಗಾರದ ಸಹಿ ಮಾಡಲು ಹೋದ. ರುದ್ರಮುನಿ ಹಾಜರಿ ಪುಸ್ತಕವನ್ನು ಎರಡು ಸಲ ಮಗುಚಿ ಹಾಕಿ, "ಇದರಾಗ ನಿನ್ನ ಹೆಸರು ಇಲ್ಲೋ ಮಾರಾಯಾ. ಸಿಪಾಯಿ ಅಂದ್ರ ನಮ್ಮ ಅಳಿಯಾ ಅದಾನಲ್ಲ, ಅವನ ಹೆಸರೈತಿ," ಎಂದ. ಆ ಅಳಿಯ ಕಾಲೇಜಿನ ಬಾಗಿಲು ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ನೋಡಿದವನಲ್ಲ. ದುರಗಪ್ಪ ಮಗಳನ್ನು ಕರೆದುಕೊಂಡು ಬಂದ. ದೀಪಿಕಾ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದು ನೋಡಿದಳು. ಅಪ್ಪ ಸಿಕ್ಕಿದ್ದು ಲ್ಯಾಬಿನ ಸ್ಟಾಕ್ ಬುಕ್ಕಿನಲ್ಲಿ. ಹದಿಮೂರನೆಯ ನಂಬರು ಬಕೀಟು, ಪ್ಲಾಸ್ಟಿಕ್ಕಿನದು. ಹದಿನೈದನೆಯದು ಕಸಬರಿಗೆ. ನಡುವೆ ಹದಿನಾಲ್ಕು: ಅಸ್ಥಿಪಂಜರ, ಜೀವಂತ, ಒಂದು. ಗುರುತು: ದುರಗಪ್ಪ. ಸ್ಥಿತಿ: ಹಳೆಯದು, ನಡೆಯುತ್ತದೆ.

ಅವನು ಸಾಹುಕಾರರ ಹತ್ತಿರ ಹೋದ. ಕರಬಸಪ್ಪನವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಬರಸೀನಲ್ಲಲೇ? ಸ್ಟಾಕಿನ್ಯಾಗ ಇದ್ದದ್ದನ್ನ ಹಾಜರಿಯೊಳಗ ಹ್ಯಾಂಗ ಬರಿಯಾಕ ಬರ್ತೈತಿ? ಬೆಂಗಳೂರಾಗ ಇಬ್ಬರು ದುರಗಪ್ಪ ಆಕ್ಕಾರ. ಕಾಯ್ದೆ ಐತಪಾ." ಪಗಾರ ನಿಲ್ಲುವುದಿಲ್ಲ, ಸಾಮಾನು ದುರಸ್ತಿಯ ಬಾಬ್ತಿನಲ್ಲಿ ಬರುತ್ತದೆ ಎಂದೂ ಹೇಳಿದರು. "ಮತ್ತ ಡಿಸೆಂಬರ್‌ದಾಗ ಹೊಸ ಮಾಲು ಬರ್ತೈತಿ. ಹೆಗಲು ತಯಾರ ಇಟ್ಟಿರು."

ದುರಗಪ್ಪ ಆ ದಿನ ಗಂಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು ಗಂಡಸೆಂಬ ನಾಚಿಕೆಯಿಲ್ಲದೆ ಅತ್ತ. ಬಕೀಟಿಗೂ ಕಸಬರಿಗೆಗೂ ನಡುವೆ ಹೋಗಿ ಕುಳಿತ ಸಂಕಟ ಒಂದು ಕಡೆ. ಮತ್ತೆ ಚೀಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ದೀಪಿಕಾ ಉರಿಯುವ ಮುಖ ಹೊತ್ತು ನಿರ್ಮಲಾ ಮೇಡಂ ಮುಂದೆ ಸ್ಟಾಕ್ ಬುಕ್ಕು ಬಿಚ್ಚಿ ಹಿಡಿದಳು. ಮೇಡಂ ಓದಿದರು. ಸಿಟ್ಟಿಗೆ ಅವರ ಮೂಗಿನ ತುದಿ ಕೆಂಪಾಯಿತು. "ಲ್ಯಾಬಿನ ಸ್ಟಾಕಿಗೆ ಜವಾಬ್ದಾರಿ ಯಾರು?" ಎಂದು ತಮ್ಮನ್ನು ತಾವೇ ಕೇಳಿಕೊಂಡರು. "ನಾನಽ ಅಲ್ಲೇನು?" ಕೆಂಪು ಪೆನ್ನು ತೆಗೆದು, ಷರಾ ಎಂಬ ಖಾಲಿ ಕಾಲಮ್ಮಿನಲ್ಲಿ ನಿಧಾನವಾಗಿ ಐದು ಸಾಲು ಬರೆದರು. ಸಂಜೆ ಕರಬಸಪ್ಪನವರು ಎಂದಿನಂತೆ ನಿಂತಲ್ಲೇ, ಓದದೆ, ಪುಟಪುಟಕ್ಕೂ ಸಹಿ ಹಾಕಿ ಶಿಕ್ಕೆ ಒತ್ತಿಸಿದರು. ಅದರ ಪ್ರತಿ ಮರುದಿನ ರಿಜಿಸ್ಟರ್ ಅಂಚೆಯಲ್ಲಿ ಬೆಂಗಳೂರಿಗೆ ಹೋಯಿತು.

ಡಿಸೆಂಬರ್ ಬಂತು. ಯಾರ್ಡು ಕೆಂಪಾಯಿತು, ಊರೆಲ್ಲ ಸೀನತೊಡಗಿತು. ಒಂದು ಬೆಳಗ್ಗೆ ಕಾಲೇಜಿನ ಮುಂದೆಯೇ ಲಾರಿ ನಿಂತಿತು. ಹಮಾಲರು ಸಾಲದೆ ಕರಬಸಪ್ಪನವರೇ ಮೆಟ್ಟಿಲೇರಿ ಬಂದರು.

"ಲೇ ದುರಗ್ಯಾ, ಲಗೂ ಬಾ. ನೂರಾ ಎಂಬತ್ತು ಚೀಲ."

ದುರಗಪ್ಪ ಏಳಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಸಾಹುಕಾರರ ಮುಂದೆ ಕುಳಿತೇ ಇದ್ದ. "ಬರಾಕ ಆಗೂದಿಲ್ರಿ ಸಾವ್ಕಾರ್ರ. ನಾ ಸ್ಟಾಕಿನ ಸಾಮಾನು. ಕಾಯ್ದೆ ಐತ್ರಿ."

ಮೇಡಂ ಕೋಣೆಯಿಂದ ಹೊರಬಂದು ಹದಿನಾಲ್ಕನೆಯ ನಂಬರು ಬಿಚ್ಚಿ ಹಿಡಿದರು. ಕರಬಸಪ್ಪನವರು ತಾವೇ ಸಹಿ ಮಾಡಿದ್ದನ್ನು ಮೊದಲ ಸಲ ಓದಿದರು: ಎಡ ಕ್ಲಾವಿಕಲ್ ಹಿಂದೆ ಮುರಿದಿರುತ್ತದೆ. ಈ ಸಾಮಾನನ್ನು ಕಾಲೇಜಿನ ಹೊರಗೆ ಒಯ್ಯತಕ್ಕದ್ದಲ್ಲ. ಇದರ ಮೇಲೆ ಭಾರ ಹೊರಿಸತಕ್ಕದ್ದಲ್ಲ. ಹೊರಿಸಿ ಕೆಟ್ಟಲ್ಲಿ ಮಾನ್ಯತೆ ರದ್ದಾಗುವುದರಿಂದ, ಅಧ್ಯಕ್ಷರು ಇದೇ ತರಗತಿಯ ಬದಲಿ ಅಸ್ಥಿಪಂಜರವನ್ನು ಕೂಡಲೇ ಒದಗಿಸತಕ್ಕದ್ದು.

"ಬದಲಿ ಅಂದ್ರ?" ಕರಬಸಪ್ಪನವರ ದನಿ ಸಣ್ಣದಾಯಿತು. "ರುದ್ರಮುನಿನ್ನ ನಿಲ್ಲಸ್ತೇನಿ. ಬೇಕಾದ್ರ ನಾನಽ ನಿಂದ್ರತೇನಿ."

ಮೇಡಂ ಅವರ ಹೆಗಲನ್ನು ಒಂದು ಸಲ, ಹೊಟ್ಟೆಯನ್ನು ಒಂದು ಸಲ ನೋಡಿದರು. "ಇದರಾಗ ಎಲುಬು ಎಲ್ಲಿ ಅಂತ ಹುಡುಕೂದ್ರಿ ಅಧ್ಯಕ್ಷರ? ಹುಡುಗ್ಯಾರು ಫೇಲ್ ಆಕ್ಕಾರ."

ಒಳಗಿನಿಂದ ಮೂವತ್ತು ಹುಡುಗಿಯರು ನಕ್ಕ ಸದ್ದು ಬಂತು. ಆ ನಗು ಕೇಳಿ ದುರಗಪ್ಪನಿಗೆ ಧೈರ್ಯ ಬಂತು. ಎದ್ದು ನಿಂತ. ಮೂವತ್ತು ವರ್ಷ ಚೀಲ ಹೊತ್ತಾಗ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ ಗೋಣಿತಾಟು ಗಂಟೆಯ ಗೂಟಕ್ಕೆ ತೂಗುಬಿದ್ದಿತ್ತು. ಅದನ್ನು ತೆಗೆದು, ಧೂಳು ಕೊಡವಿ, ಎರಡೂ ಕೈಯಿಂದ ಮರ್ಯಾದೆಯಾಗಿ ಸಾಹುಕಾರರ ಮುಂದೆ ಹಿಡಿದ.

"ಸಾವ್ಕಾರ್ರ, ಎಲುಬು ನನ್ನಂಗ ಎದ್ದು ಕಾಣಬೇಕಂದ್ರ ಮೂವತ್ತು ವರ್ಷ ಬೇಕ್ರಿ. ಲಾರಿ ಬಾಗಿಲಾಗ ನಿಂತೈತಿ. ಇವತ್ತ ಸುರು ಮಾಡ್ರಿ."

ಕರಬಸಪ್ಪನವರು ತಾಟನ್ನು ಮುಟ್ಟಲಿಲ್ಲ. ಸೀನುತ್ತಾ ಮೆಟ್ಟಿಲಿಳಿದು ಹೋದರು. ದುರಗಪ್ಪ ತಾಟನ್ನು ಮಡಚಿ ಗುಡದಪ್ಪನ ಹೆಗಲ ಮೇಲೆ ಹಾಕಿ ಬಂದು, ಬಲಗೈಯಿಂದ ಗಂಟೆ ಹೊಡೆದ.